ಕಾಗಿಣಾ ಕಣಿವೆಯ ಡೀಸೆಲ್ ಎಂಜಿನ್ನುಗಳು : ಒಂದು ಸಂಜ್ಞಾವಿಚಾರ

ಚಿತ್ತಾಪುರಕ್ಕೆ ಸಮೀಪದ ನಾಗಾವಿಯಲ್ಲಿ ಕ್ರಿ.ಶ. 1058ರ ಶಾಸನವೊಂದುಂಟು. ಅಲ್ಲಿದ್ದ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳನ್ನು ಓದುತ್ತಿದ್ದ ವಿದ್ಯಾರ್ಥಿಗಳಿಗೂ ಓದಿಸುತ್ತಿದ್ದ ಉಪಾಧ್ಯಾಯರಿಗೂ ಏರ್ಪಟ್ಟಿದ್ದ ವೃತ್ತಿಯನ್ನು ಹೇಳುವ ಆ ಲೇಖವು, ಅವರ ಜೊತೆಯಲ್ಲಿಯೇ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೆಸರಿಸುತ್ತದೆ. ಓದುವವರಿಗೂ ಓದಿಸುವವರಿಗೂ ಅನ್ನವಿಡುವುದು ಎಲ್ಲ ಕಾಲದಲ್ಲಿಯೂ ನಡೆದ ಧರ್ಮವೇ. ಬರೆದುದನ್ನು ಕಾಯುವವರಿಗೂ ಭೂಮಿ ಬಿಟ್ಟುದು ಈ ಸೀಮೆಯ ವಿಶೇಷವೆಂದು ನಮ್ಮ ಅಭಿಪ್ರಾಯ. ಆ ಶಾಸನವಿರುವ ಸ್ಥಳಕ್ಕೆ ಅನತಿದೂರದಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಹಾದಿಯಿರುವುದು. ಆ ಹಾದಿಯಲ್ಲಿ ಹಲವು ದಶಕಗಳ ಕಾಲ ಸಿಮೆಂಟನ್ನೂ ಕಲ್ಲನ್ನೂ ಕಲ್ಲಿದ್ದಲನ್ನೂ ಎಳೆದ ಡೀಸೆಲ್ ಎಂಜಿನ್ನುಗಳು ಈಗ ತೆರೆಯ ಮರೆಗೆ ಸರಿಯುತ್ತಿವೆ. ಅವುಗಳಿಗೂ ಭಂಡಾರಿಗರುಂಟು; ಆದರೆ ಅವರಿಗೆ ಯಾರೂ ಭೂಮಿ ಬಿಟ್ಟಿಲ್ಲ. ಅವರು ಬರೆದಿಟ್ಟಿರುವುದು ಇತಿಹಾಸಕ್ಕೆ ಪ್ರಮಾಣವಾಗಬಲ್ಲದೇ ಎಂಬುದು ಪ್ರಕೃತ ಲೇಖನದ ವಿಷಯ.

ಶಾಸನ, ಛಂದಸ್ಸು, ಹಸ್ತಪ್ರತಿಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಕಬ್ಬಿಣದ ಯಂತ್ರಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಈ ಪೂರ್ವಪಕ್ಷವು ನಮಗೂ ಮೊದಲು ತೋರಿತ್ತು. ಆದರೆ ಆ ಯಂತ್ರದ ಮೈಮೇಲೆ ಒಂದು ಹೆಸರು, ಒಂದು ಸಂಖ್ಯೆ, ಒಂದು ಸ್ಥಳ ಬರೆದಿರುತ್ತದೆ. ಹೆಸರು, ಸಂಖ್ಯೆ, ಸ್ಥಳ ಮೂರೂ ಇರುವ ಬರಹವನ್ನು ನಾವು ಬೇರೆಡೆಯಲ್ಲಿ ಲೇಖವೆಂದೇ ಕರೆಯುತ್ತೇವಲ್ಲವೆ? ಆ ಲೇಖವನ್ನು ಅಕ್ಷರಶಃ ನಂಬಿದರೆ ಪ್ರಮಾದವಾಗುವುದೆಂದು ನಾವೇ ಪ್ರಮಾದಪಟ್ಟು ತಿಳಿದುಕೊಂಡೆವು. ಅದನ್ನು ಮುಂದೆ ನಿವೇದಿಸುವೆವು.

ಮೊದಲು ಹಾದಿಯ ಸಂಗತಿ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಶಹಾಬಾದವೂ ವಾಡಿಯೂ ಆ ಹಾದಿಯ ಮೇಲಿನ ಊರುಗಳು. 1874ರಲ್ಲಿ ನಿಜಾಮ ಸಂಸ್ಥಾನದ ರೈಲುಹಾದಿ ವಾಡಿಯಿಂದ ಕವಲೊಡೆದು ಸಿಕಂದರಾಬಾದಿನವರೆಗೆ ತೆರೆಯಿತು. ಇದು ಬಹುಮಟ್ಟಿಗೆ ಕಾಗಿಣಾ ನದಿಯ ಕಣಿವೆಯನ್ನೇ ಹಿಡಿದು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾಗಳ ಮೇಲೆ ತಾಂಡೂರಿಗೆ ಹೋಗುತ್ತದೆ. ನೃಪತುಂಗನ ಮಾನ್ಯಖೇಟವೂ ಟೀಕಾಚಾರ್ಯರ ವೃಂದಾವನವೂ ಇರುವ ಮಳಖೇಡವು ರೈಲ್ವೆಯವರ ಬಾಯಲ್ಲಿ 'ರೋಡ್' ಆಗಿರುವುದನ್ನು ಕಂಡರೆ ನಮ್ಮಂಥವರಿಗೆ ಸ್ವಲ್ಪ ಸಂಕಟವೇ. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ಅಲ್ಲಿಯವರು ಗಾಡಿ ನೋಡಬೇಕಾದರೆ ತಾಂಡೂರಿಗೋ ಸೇಡಂಗೋ ಬರಬೇಕು.

ಈ ಕಣಿವೆಯ ನೆಲದಡಿಯಲ್ಲಿ ಸುಣ್ಣದ ಕಲ್ಲು. ಶಹಾಬಾದದ ಫರ್ಸಿಯನ್ನು ದಖ್ಖಣದ ಮನೆಮನೆಯ ನೆಲದಲ್ಲಿ ಕಾಣಬಹುದು. ನಿಜಾಮರ ಕಾಲದಲ್ಲಿಯೇ ಶಹಾಬಾದದಲ್ಲಿ ಸಿಮೆಂಟ್ ಕಾರ್ಖಾನೆ ಏರ್ಪಟ್ಟಿತು. 1968ರಲ್ಲಿ ವಾಡಿಯಲ್ಲಿಯೂ, 1980ರ ದಶಕದಲ್ಲಿ ಮಳಖೇಡ ಸೇಡಂಗಳಲ್ಲಿಯೂ ದೊಡ್ಡ ಕಾರ್ಖಾನೆಗಳೆದ್ದವು. ಸೇಡಂನ ಕಾರ್ಖಾನೆಗೆ 'ವಾಸವದತ್ತಾ' ಎಂದು ಹೆಸರಿಟ್ಟರು. ಭಾಸನ ನಾಯಿಕೆಯೂ ಸುಬಂಧುವಿನ ನಾಯಿಕೆಯೂ ಸಿಮೆಂಟಿನ ಚೀಲದ ಮೇಲೆ ಬಂದು ಕುಳಿತುದನ್ನು ಕಂಡು ನಾವು ಮೊದಲ ಸಲ ನಕ್ಕದ್ದುಂಟು. ಹೇಗೂ ಇರಲಿ, ಇಷ್ಟು ಭಾರವನ್ನು ಹೊರಗೆ ಸಾಗಿಸುವುದಕ್ಕೂ, ಗೂಡುಗಳಿಗೆ ಬೇಕಾದ ಕಲ್ಲಿದ್ದಲನ್ನು ಒಳಗೆ ತರುವುದಕ್ಕೂ ಮಾಲುಗಾಡಿಗಳೇ ಗತಿ. ಆದಕಾರಣ ವಾಡಿಯು ಪ್ರಯಾಣಿಕರಿಗೆ ಸಣ್ಣ ಊರಾದರೂ ಎಂಜಿನ್ನುಗಳಿಗೆ ದೊಡ್ಡ ಸಂತೆಯಾಯಿತು.

ಇನ್ನು ಎಂಜಿನ್ನಿನ ವಂಶಾವಳಿ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ 1901ರಲ್ಲಿ ಎಂಟು ಕಾರ್ಖಾನೆಗಳು ಒಂದಾಗಿ ಅಮೆರಿಕನ್ ಲೋಕೋಮೋಟಿವ್ ಕಂಪನಿಯಾದವು. ಇದನ್ನೇ ಸಂಕ್ಷೇಪವಾಗಿ 'ಆಲ್ಕೋ' ಎಂಬರು. ಉಗಿಬಂಡಿಗಳಲ್ಲಿ ಮಹಾಕಾಯವೆಂದು ಲೋಕಪ್ರಸಿದ್ಧವಾದ 'ಬಿಗ್ ಬಾಯ್' ಎಂಬ 25 ಎಂಜಿನ್ನುಗಳನ್ನು 1941ರಿಂದ 1944ರೊಳಗೆ ಕಟ್ಟಿದವರು ಇವರೇ. ಭಾರತಕ್ಕೆ ಇವರ ಡೀಸೆಲ್ ಎಂಜಿನ್ನು ಮೊದಲು ಬಂದುದು 1957ರಲ್ಲಿ. ಆ ಜಾತಿಯವು ಒಟ್ಟು ನೂರು. 1962ರಲ್ಲಿ 2600 ಅಶ್ವಶಕ್ತಿಯ ಎರಡನೆಯ ಜಾತಿ ಬಂದಿತು. ಅದೇ ಸಮಯಕ್ಕೆ ಅಮೆರಿಕದ ಮತ್ತೊಂದು ಕಾರ್ಖಾನೆಯಾದ ಇ.ಎಂ.ಡಿ.ಯವರ ಎಂಜಿನ್ನೂ ಪರೀಕ್ಷೆಗೆ ಬಂದಿದ್ದಿತು. ಆದರೆ ಇಲ್ಲಿಯೇ ಕಟ್ಟುವ ವಿದ್ಯೆಯನ್ನು ಕೊಡುವ ಒಪ್ಪಂದವು ಆಲ್ಕೋದೊಡನೆ ಆದುದರಿಂದ ಅದೇ ನೆಲೆನಿಂತಿತು. 1961ರಲ್ಲಿ ಕಾಶಿಯಲ್ಲಿ ಸ್ಥಾಪಿತವಾದ ಕಾರ್ಖಾನೆಯಿಂದ 1964ರ ಜನವರಿಯಲ್ಲಿ ಮೊದಲ ಎಂಜಿನ್ನು ಹೊರಬಿದ್ದಿತು. (ಆ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ 2020ರಿಂದ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎನಿಸಿಕೊಂಡಿದೆ.) ಸೋಜಿಗವೇನೆಂದರೆ, ಮೂಲದ ಆಲ್ಕೋ 1969ರಲ್ಲಿ ಎಂಜಿನ್ನು ಕಟ್ಟುವ ಕೆಲಸವನ್ನೇ ನಿಲ್ಲಿಸಿತು, ಕಾಶಿಯ ಶಾಖೆಯಾದರೋ ಈ ಎರಡನೆಯ ಜಾತಿಯನ್ನೇ 1998ರವರೆಗೆ ಕಟ್ಟುತ್ತ ಎರಡೂವರೆ ಸಾವಿರವನ್ನು ದಾಟಿಸಿತು. ಮೂಲಪ್ರತಿ ನಷ್ಟವಾಗಿ ಶಾಖಾಪ್ರತಿಗಳಿಂದಲೇ ಗ್ರಂಥವು ಉಳಿದುಬರುವ ಸಂಗತಿ ನಮ್ಮ ವಾಚಕರಿಗೆ ಹೊಸದಲ್ಲ.

ಈಗ ಸಂಜ್ಞೆಗೆ ಬರೋಣ. ಈ ಎರಡನೆಯ ಜಾತಿಗೆ ರೈಲ್ವೆಯವರಿಟ್ಟ ಹೆಸರು 'ಡಬ್ಲ್ಯು.ಡಿ.ಎಂ.-2'. ಸೂತ್ರಕಾರರ ಸಂಜ್ಞೆಗಳಂತೆ ಇದರಲ್ಲಿ ಒಂದು ಅಕ್ಷರವೂ ವ್ಯರ್ಥವಲ್ಲ. ಮೊದಲ ಅಕ್ಷರದಿಂದ ಹಳಿಯ ಅಗಲ ತಿಳಿಯುವುದು: ಡಬ್ಲ್ಯು ಎಂದರೆ ಐದೂವರೆ ಅಡಿಯ ದೊಡ್ಡ ಹಳಿ, ವೈ ಎಂದರೆ ಮೀಟರ್ ಗೇಜು, ಝಡ್ ಎಂದರೆ ಎರಡೂವರೆ ಅಡಿಯ ಸಣ್ಣ ಹಳಿ. ಎರಡನೆಯದರಿಂದ ಚಾಲಕಶಕ್ತಿ, ಡಿ ಎಂದರೆ ಡೀಸೆಲ್. ಮೂರನೆಯದರಿಂದ ವಿನಿಯೋಗ: ಪಿ ಪ್ರಯಾಣಿಕರ ಗಾಡಿಗೆ, ಜಿ ಮಾಲುಗಾಡಿಗೆ, ಎಂ ಎರಡಕ್ಕೂ, ಅಂದರೆ ಮಿಶ್ರ. ಕೊನೆಯ ಅಂಕಿಯಿಂದ ಇದು ಎಷ್ಟನೆಯ ವಿನ್ಯಾಸವೆಂಬುದು. ಇಷ್ಟರವರೆಗೆ ಎಲ್ಲವೂ ಸ್ಫಟಿಕದಂತೆ ನಿರ್ಮಲವಾಗಿದ್ದಿತು.

1995ರಲ್ಲಿ ಕಾಶಿಯ ಕಾರ್ಖಾನೆಯು ಕೇವಲ ಮಾಲುಗಾಡಿಗಾಗಿ 3100 ಅಶ್ವಶಕ್ತಿಯ ಬೇರೊಂದು ಎಂಜಿನ್ನನ್ನು ಕಟ್ಟಿತು. ಮಾಲುಗಾಡಿಯ ಎಂಜಿನ್ನಿಗೆ ಭಾರವೇ ಗುಣ; ಹಗುರವಾದರೆ ಎಷ್ಟು ಶಕ್ತಿಯಿದ್ದರೂ ಗಾಲಿಯು ಹಳಿಯ ಮೇಲೆ ನಿಂತಲ್ಲಿಯೇ ಜಾರಿ ತಿರುಗುವುದು. ಡಬ್ಲ್ಯು.ಡಿ.ಎಂ.-2 ಎಂಜಿನ್ನಿನ ತೂಕ 112.8 ಟನ್ನು, ಆರು ಅಚ್ಚುಗಳಿಗೆ ಹಂಚಿದರೆ ಒಂದೊಂದಕ್ಕೆ 18.8 ಟನ್ನು ಬೀಳುವುದು. ಹೊಸದರ ತೂಕ 123 ಟನ್ನು, ಅಚ್ಚಿಗೆ 20.5. ಹಲ್ಲುಚಕ್ರಗಳ ಪ್ರಮಾಣವನ್ನೂ ಬದಲಾಯಿಸಿದರು: ಹಳೆಯದರಲ್ಲಿ 18 ಹಲ್ಲಿನ ಸಣ್ಣ ಚಕ್ರವು 65 ಹಲ್ಲಿನ ದೊಡ್ಡದನ್ನು ತಿರುಗಿಸುತ್ತಿದ್ದರೆ ಹೊಸದರಲ್ಲಿ ಅದೇ 18, 74 ಹಲ್ಲಿನದನ್ನು ತಿರುಗಿಸುವುದು. ಇದರಿಂದ ವೇಗ ತಗ್ಗಿ ಎಳೆತ ಹೆಚ್ಚಿತು. ಇದಕ್ಕೆ 'ಡಬ್ಲ್ಯು.ಡಿ.ಜಿ.-2' ಎಂದು ಹೆಸರಾಯಿತು.

ಗುತ್ತಿಯ ಲೋಕೋ ಶೆಡ್ಡಿಗೆ ಸೇರಿದ ಇಂಥ ಎಂಜಿನ್ನುಗಳು ವಾಡಿಗೆ ಬರುತ್ತಿದ್ದವು. ನಾವು ಈ ಭಾಗದ ಸ್ಥಳನಾಮಗಳ ಮೇಲೆ ಒಂದು ಉಪನ್ಯಾಸವನ್ನು ಬರೆಯುವಾಗ, ರೈಲಿನ ಪ್ರಸ್ತಾಪ ಬಂದಲ್ಲಿ, ವಾಡಿಯಲ್ಲಿ ಎರಡು ಜಾತಿಯ ಮಾಲು ಎಂಜಿನ್ನುಗಳು ಓಡಾಡುತ್ತಿದ್ದವೆಂದೂ ಒಂದು ಡಬ್ಲ್ಯು.ಡಿ.ಜಿ.-2, ಮತ್ತೊಂದು ಡಬ್ಲ್ಯು.ಡಿ.ಜಿ.-3ಎ ಎಂದೂ ಬರೆದುಬಿಟ್ಟೆವು. ಎರಡು ಹೆಸರುಗಳನ್ನೂ ಬೇರೆಬೇರೆ ಕಾಲದ ಛಾಯಾಚಿತ್ರಗಳಲ್ಲಿ ಕಣ್ಣಾರೆ ಓದಿದ್ದೆವಾದ್ದರಿಂದ ಸಂಶಯವೇ ಬರಲಿಲ್ಲ. ಚಿಂಚೋಳಿ ತಾಲ್ಲೂಕಿನಲ್ಲಿ ಕನ್ನಡ ಉಪಾಧ್ಯಾಯರಾಗಿರುವ ನಮ್ಮ ಶಿಷ್ಯರೊಬ್ಬರು ಕೇಳುತ್ತ ಕುಳಿತಿದ್ದವರು, ಸಭೆ ಮುಗಿದ ಮೇಲೆ ಹತ್ತಿರ ಬಂದು ಸಂಕೋಚದಿಂದ, "ಎರಡೂ ಒಂದೇ ಎಂಜಿನ್ ಅವ್ರೀ ಗುರುಗಳೇ, ಹೆಸರಷ್ಟೇ ಬದಲಾಗ್ಯದ" ಎಂದರು. ಮರುವಾರ ತಮ್ಮ ಟಿಪ್ಪಣಿಯ ಪುಸ್ತಕವನ್ನು ತಂದು ತೋರಿಸಿದರು. 1998ರ ಒಂದು ಪುಟದಲ್ಲಿ ಐದಂಕಿಯ ಒಂದು ಸಂಖ್ಯೆ. ಅದರ ಮುಂದೆ ಡಬ್ಲ್ಯು.ಡಿ.ಜಿ.-2, ಗುತ್ತಿ. 2006ರ ಪುಟದಲ್ಲಿ ಅದೇ ಸಂಖ್ಯೆ, ಅದೇ ಗುತ್ತಿ. ಹೆಸರು ಮಾತ್ರ ಡಬ್ಲ್ಯು.ಡಿ.ಜಿ.-3ಎ. ಎರಡು ಕಡೆಯೂ ತಾರೀಖು, ನಿಲ್ದಾಣ, ಗಾಡಿಯು ಯಾವ ದಿಕ್ಕಿಗೆ ಹೊರಟಿತ್ತೆಂಬುದು ಎಲ್ಲವೂ ಇದ್ದವು. ಶಿಷ್ಯಾದಿಚ್ಛೇತ್ ಪರಾಜಯಂ ಎಂದು ಹಿರಿಯರು ಹೇಳಿದ ಮಾತಿಗೆ ನಾವು ಅಂದು ಪಾತ್ರರಾದೆವು.

ಕಾರಣವು ಹೀಗಿರುವುದು. ಈ ಶತಮಾನದ ಮೊದಲ ವರ್ಷಗಳಲ್ಲಿ ರೈಲ್ವೆಯವರು ಸಂಜ್ಞೆಯ ಕೊನೆಯ ಅಂಕಿಗೆ ಅರ್ಥವನ್ನೇ ಬದಲಾಯಿಸಿದರು. ಅದುವರೆಗೆ ವಿನ್ಯಾಸದ ಕ್ರಮವನ್ನು ಹೇಳುತ್ತಿದ್ದ ಅಂಕಿಯು ಅಲ್ಲಿಂದ ಮುಂದೆ ಸಾವಿರದ ಲೆಕ್ಕದಲ್ಲಿ ಅಶ್ವಶಕ್ತಿಯನ್ನು ಹೇಳತಕ್ಕದ್ದು. ಮುಂದಿನ ಅಕ್ಷರವು ಅದರ ಮೇಲಿನ ನೂರುಗಳನ್ನು, ಎ ಎಂದರೆ ನೂರು, ಬಿ ಎಂದರೆ ಇನ್ನೂರು, ಹೀಗೆ ಹೇಳತಕ್ಕದ್ದು. ಆದಕಾರಣ 3100 ಅಶ್ವಶಕ್ತಿಯ ಡಬ್ಲ್ಯು.ಡಿ.ಜಿ.-2 ಎಂಜಿನ್ನೇ ಡಬ್ಲ್ಯು.ಡಿ.ಜಿ.-3ಎ ಆಯಿತು. ಅದೇ ಶಕ್ತಿಯ ಡಬ್ಲ್ಯು.ಡಿ.ಎಂ.-2ಸಿ ಎಂಬುದು ಡಬ್ಲ್ಯು.ಡಿ.ಎಂ.-3ಎ ಆಯಿತು. ಆದರೆ 2600ರ ಹಳೆಯ ಡಬ್ಲ್ಯು.ಡಿ.ಎಂ.-2 ಮಾತ್ರ ತನ್ನ ಹೆಸರನ್ನು ಬಿಡಲಿಲ್ಲ. ಯೋಗಾರ್ಥಕ್ಕಿಂತ ರೂಢಿಯೇ ಬಲವತ್ತರವೆಂಬ ಮೀಮಾಂಸಕರ ನ್ಯಾಯಕ್ಕೆ ಇದಕ್ಕಿಂತ ಭಾರವಾದ ಉದಾಹರಣೆ ದೊರೆಯಲಾರದು. ಅಪವಾದ ಇನ್ನೊಂದೂ ಉಂಟು: ಆಮೇಲೆ ಬಂದ ಡಬ್ಲ್ಯು.ಡಿ.ಎಂ.-3ಡಿ ಎಂಬುದು ಸೂತ್ರದಂತೆ 3400 ಆಗಬೇಕು. ವಸ್ತುತಃ ಅದರ ಶಕ್ತಿ 3300. ಇಲ್ಲಿ ಸೂತ್ರಕಾರರೇ ತಮ್ಮ ಸೂತ್ರವನ್ನು ಮೀರಿರುವರು. ಸಂಜ್ಞೆಯನ್ನು ನೋಡಿ ಶಕ್ತಿಯನ್ನು ಊಹಿಸುವವರು ಎಚ್ಚರದಿಂದಿರಬೇಕು.

ಸಂಖ್ಯೆಯ ವಿಷಯದಲ್ಲಿಯೂ ಇಂಥದೇ ತೊಡಕುಂಟು. ದೊಡ್ಡ ಸಂಖ್ಯೆಯದು ಹೊಸದು, ಸಣ್ಣ ಸಂಖ್ಯೆಯದು ಹಳೆಯದು ಎಂದು ಸಾಮಾನ್ಯವಾಗಿ ಯಾರಾದರೂ ತಿಳಿಯುವರು. ಇಲ್ಲಿ ಹಾಗಲ್ಲ. 1957ರಲ್ಲಿ ಬರತೊಡಗಿದ ಮೊದಲ ನೂರು ಎಂಜಿನ್ನುಗಳಿಗೆ 17000ದಿಂದ ಸಂಖ್ಯೆಯಿಟ್ಟರು. 1962ರ ಎರಡನೆಯ ಜಾತಿಯು 18040ರಿಂದ ಮೊದಲಾಯಿತು. ಆ ಸಾಲಿನಲ್ಲಿ ಎಡೆ ಸಾಲದೆ ಬಂದಾಗ ಹಿಂದಿರುಗಿ 17 ಸಾವಿರದಲ್ಲಿ ಉಳಿದಿದ್ದ ಜಾಗವನ್ನು ತುಂಬಿದರು. ಆಮೇಲೆ 16 ಸಾವಿರಕ್ಕೆ ಇಳಿದರು. 1990ರ ದಶಕದ ಮಾಲು ಎಂಜಿನ್ನುಗಳು ಹದಿನಾಲ್ಕು ಹದಿಮೂರು ಸಾವಿರಗಳಲ್ಲಿರುವುವು. ಆದುದರಿಂದ 16 ಸಾವಿರದ ಎಂಜಿನ್ನು 18 ಸಾವಿರದ್ದಕ್ಕಿಂತ ಕಿರಿಯದು. 17 ಸಾವಿರದ್ದರಲ್ಲಿ ಮೊದಲ ನೂರು ಎಲ್ಲಕ್ಕಿಂತ ಹಿರಿಯವು, ಮಿಕ್ಕವು ಕಿರಿಯವು. ಶಕವರ್ಷವಿಲ್ಲದ ಶಾಸನಕ್ಕೆ ರಾಜನ ಹೆಸರನ್ನು ಮಾತ್ರ ನೋಡಿ ಕಾಲವನ್ನು ಕಟ್ಟಿದರೆ, ಅದೇ ಹೆಸರಿನ ಅಜ್ಜನಿಗೂ ಮೊಮ್ಮಗನಿಗೂ ಹೇಗೆ ಗೊಂದಲವಾಗುವುದೋ ಇದೂ ಹಾಗೆಯೇ.

ಸ್ಥಳಸೂಚಕವಾದ ಬರಹವೆಂದರೆ ಶೆಡ್ಡಿನ ಹೆಸರು. ಪ್ರತಿ ಎಂಜಿನ್ನಿಗೂ ಒಂದು ತವರು ಶೆಡ್ಡುಂಟು. ಅದರ ಹೆಸರನ್ನೋ ಸಂಕೇತಾಕ್ಷರಗಳನ್ನೋ ಮೈಮೇಲೆ ಬರೆದಿರುವರು. ವಾಡಿಯು ಎರಡು ರೈಲ್ವೆ ವಲಯಗಳು ಕೂಡುವ ಗಡಿಯಾದುದರಿಂದ ಪುಣೆ, ಗುತ್ತಿ, ಕಾಜೀಪೇಟೆ, ಬೆಂಗಳೂರಿನ ಕೃಷ್ಣರಾಜಪುರ, ಹೀಗೆ ನಾನಾ ಕಡೆಯ ಎಂಜಿನ್ನುಗಳು ಅಲ್ಲಿ ಸೇರುತ್ತಿದ್ದವು. ಒಂದೊಂದು ಶೆಡ್ಡಿನವರು ಒಂದೊಂದು ಬಣ್ಣವನ್ನು ಬಳಿಯುತ್ತಿದ್ದುದರಿಂದ ದೂರದಿಂದಲೇ ಕುಲವನ್ನು ಹೇಳಬಹುದಾಗಿದ್ದಿತು. ಹುಬ್ಬಳ್ಳಿಯ ಸಂಕೇತವು 'ಯು.ಬಿ.ಎಲ್.' ಎಂದು, ಆದಿಯ ಹಕಾರವು ಲೋಪವಾಗಿದೆ. ನಮ್ಮ ಕಡೆಯ ಹಳ್ಳಿಯವರು ಹಕಾರವನ್ನು ನುಂಗಿದರೆ ನಗುವ ಪಟ್ಟಣಿಗರು ಇದನ್ನು ಗಮನಿಸಬೇಕು.

ಹುಬ್ಬಳ್ಳಿಯ ಹೆಸರು ಬಂದುದರಿಂದ ಒಂದು ಮಾತು. 1962ರಲ್ಲಿ ಆಲ್ಕೋದೆದುರು ನೆಲೆನಿಲ್ಲದೆ ಹೋದ ಇ.ಎಂ.ಡಿ.ಯವರು ಮೂವತ್ತೇಳು ವರ್ಷಗಳ ತರುವಾಯ, 1999ರಲ್ಲಿ, 4000 ಅಶ್ವಶಕ್ತಿಯ ಡಬ್ಲ್ಯು.ಡಿ.ಜಿ.-4 ಎಂಬ ಮಾಲು ಎಂಜಿನ್ನಿನೊಡನೆ ಮರಳಿ ಬಂದರು. ಮೊದಲು ಬಂದವು ಹುಬ್ಬಳ್ಳಿಯ ಶೆಡ್ಡಿಗೆ ಸೇರಿದವು. ಇದರ ತೂಕ 126 ಟನ್ನು, ಸಂಖ್ಯೆಗಳು 12001ರಿಂದ. ಕಾಯದಲ್ಲಿಯೂ ಶಕ್ತಿಯಲ್ಲಿಯೂ ಇದು ಆಲ್ಕೋಗಿಂತ ಮಿಗಿಲೆಂಬುದರಲ್ಲಿ ವಾದವಿಲ್ಲ. ಆದರೂ ಅಭಿಮಾನಿಗಳ ಒಲವು ಹೆಚ್ಚಾಗಿ ಹಳೆಯ ಆಲ್ಕೋದ ಕಡೆಗೇ. ಏಕೆಂದು ಕೇಳಿದರೆ ಎರಡು ಕಾರಣ ಹೇಳುವರು: ಒಂದು ಶಬ್ದ, ಮತ್ತೊಂದು ಹೊಗೆ. ಆಲ್ಕೋದಲ್ಲಿ ಹದಿನಾರು ಸಿಲಿಂಡರುಗಳು. ಪ್ರತಿಯೊಂದೂ ನಾಲ್ಕು ಹೊಡೆತಕ್ಕೊಮ್ಮೆ ಉರಿಯುವಂಥದು. ನಿಂತಾಗ ನಿಮಿಷಕ್ಕೆ ನಾನೂರು ಸುತ್ತು, ಪೂರ್ಣ ತೆರೆದಾಗ ಸಾವಿರ ಸುತ್ತು. ನಿಂತ ಆಲ್ಕೋದ ಧ್ವನಿಯಲ್ಲಿ ಲಯದ ಒಂದು ತಡವರಿಕೆ ಕೇಳುವುದು, ಇ.ಎಂ.ಡಿ.ಯ ಎರಡು ಹೊಡೆತದ ಯಂತ್ರದಲ್ಲಿ ಆ ತಡವರಿಕೆಯಿಲ್ಲ, ಒಂದೇ ಗುಂಯ್‌ಕಾರ. ಇನ್ನು ಹೊಗೆ. ಯಂತ್ರದೊಳಕ್ಕೆ ಗಾಳಿಯನ್ನು ತುರುಕುವ ಚಕ್ರವೊಂದುಂಟು. ಅದು ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗತಕ್ಕದ್ದು. ಡ್ರೈವರು ಹಿಡಿಯನ್ನು ಮುಂದೂಡಿದೊಡನೆ ಎಣ್ಣೆ ಕೂಡಲೆ ನುಗ್ಗುವುದು, ಚಕ್ರವು ವೇಗಗೊಳ್ಳುವುದಕ್ಕೆ ತಡವಾಗುವುದು. ಆ ಎಡೆಯಲ್ಲಿ ಗಾಳಿ ಸಾಲದೆ ಎಣ್ಣೆ ಪೂರ್ತಿ ಉರಿಯದೆ ಕಪ್ಪು ಹೊಗೆ ಕಂಬದಂತೆ ಏಳುವುದು. ಇದನ್ನು ಕಂಡೇ ಅಮೆರಿಕದ ಅಭಿಮಾನಿಗಳು ಆಲ್ಕೋಗಳನ್ನು ಗೌರವಾರ್ಥವಾಗಿ ಉಗಿಬಂಡಿಗಳ ಪಂಕ್ತಿಗೆ ಸೇರಿಸಿ ವಿನೋದಪಡುವರು. ಯಂತ್ರದ ಪಂಡಿತರಿಗೆ ಇದು ದೋಷ. ಅಭಿಮಾನಿಗಳಿಗೆ ಇದೇ ರಸ. ನಮ್ಮ ಆಲಂಕಾರಿಕರಲ್ಲಿಯೂ ಈ ಜಗಳವುಂಟಷ್ಟೆ.

ಇಂಥ ಅನುರಾಗವು ಕೇವಲ ಬಾಲಿಶವೆಂದು ತಳ್ಳುವಂತಿಲ್ಲ. ಅಮೆರಿಕದಲ್ಲಿ 1969ರಿಂದ 1971ರೊಳಗೆ ಯೂನಿಯನ್ ಪೆಸಿಫಿಕ್ ರೈಲ್ವೆಗಾಗಿ ಇ.ಎಂ.ಡಿ.ಯವರು ಒಂದೇ ಚೌಕಟ್ಟಿನ ಮೇಲೆ ಎರಡು ಯಂತ್ರಗಳನ್ನು ಕೂರಿಸಿ, ಸುಮಾರು 98 ಅಡಿ ಉದ್ದದ, 6600 ಅಶ್ವಶಕ್ತಿಯ 47 ಮಹಾಕಾಯ ಎಂಜಿನ್ನುಗಳನ್ನು ಕಟ್ಟಿದರು. ಖಂಡಾಂತರ ರೈಲಿನ ಶತಮಾನೋತ್ಸವದ ಸ್ಮರಣೆಗಾಗಿ ಅವುಗಳಿಗೆ 'ಸೆಂಟೆನಿಯಲ್' ಎಂದು ಹೆಸರು. ಅವುಗಳಲ್ಲಿ ಹತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ. 6936 ಎಂಬುದನ್ನು ಆ ರೈಲ್ವೆಯೇ ಬಹುಕಾಲ ಓಡಿಸುತ್ತಿದ್ದು 2022ರಲ್ಲಿ ಒಂದು ಸಂರಕ್ಷಣ ಸಂಸ್ಥೆಗೆ ದಾನ ಕೊಟ್ಟಿತು. ನಮ್ಮವರಲ್ಲಿಯೂ ಆಸಕ್ತಿಯಿಲ್ಲವೆಂದಲ್ಲ. 1989ರಲ್ಲಿ ಅಮೆರಿಕದಲ್ಲಿದ್ದ ಕೆಲವರು ಭಾರತೀಯ ರೈಲುಗಳ ಅಭಿಮಾನಿಗಳ ಕೂಟವೊಂದನ್ನು ಆರಂಭಿಸಿದರು. ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್ ಎಂದು ಅದು ಪ್ರಸಿದ್ಧವಾಗಿರುವುದು. ಎಂಜಿನ್ನುಗಳ ಸಂಖ್ಯಾನುಕ್ರಮ, ಶೆಡ್ಡುಗಳ ಪಟ್ಟಿ, ಸಂಜ್ಞೆಗಳ ವಿವರಣೆ ಇವುಗಳನ್ನು ಸಾಮಾನ್ಯರಿಗೆ ಸುಲಭಗೊಳಿಸಿದವರು ಅವರೇ. ಆ ಕೂಟದವರು 1970ರ ದಶಕದ ಕೆಲವು ಡಬ್ಲ್ಯು.ಡಿ.ಎಂ.-2 ಎಂಜಿನ್ನುಗಳನ್ನು, ಮುಂದಿನ ಮೂತಿ ತಗ್ಗಾಗಿ ಕಿಟಕಿಗಳು ದೊಡ್ಡವಾಗಿರುವುದರಿಂದ, 'ಜಂಬೋ' ಎನ್ನುವರು. ಇದು ಎಂಜಿನ್ನಿನ ಮೈಮೇಲಿನ ಸಂಜ್ಞೆಯಿಂದ ತಿಳಿಯುವ ಭೇದವಲ್ಲ; ನೋಡಿದವರು ಇಟ್ಟ ಹೆಸರು. ಸೂತ್ರದಲ್ಲಿಲ್ಲದುದನ್ನು ವಾರ್ತಿಕಕಾರರು ಸೇರಿಸಿದಂತಾಯಿತು.

ನಮ್ಮ ಚಿಂಚೋಳಿಯ ಶಿಷ್ಯರು ಆ ಕೂಟಕ್ಕೆ ಸೇರಿದವರಲ್ಲ. ಊರಿಗೆ ರೈಲಿಲ್ಲದುದರಿಂದ ಹುಡುಗರಾಗಿದ್ದಾಗ ತಾಂಡೂರಿಗೆ ಬಸ್ಸಿನಲ್ಲಿ ಹೋದಾಗಲೆಲ್ಲ ಸಂಖ್ಯೆಗಳನ್ನು ಬರೆದುಕೊಳ್ಳುತ್ತ ಬಂದವರು. ಕ್ಯಾಮೆರಾ ಹಿಡಿದರೆ ನಿಲ್ದಾಣಗಳಲ್ಲಿ ಕಾವಲಿನವರು ಪ್ರಶ್ನಿಸುವ ಕಾಲ ಅದು. ನೋಟ್ ಪುಸ್ತಕವನ್ನು ಯಾರೂ ಕೇಳುತ್ತಿರಲಿಲ್ಲ. ಅವರ ಬರಹದಲ್ಲಿ ನಮಗೆ ಮೆಚ್ಚಿಗೆಯಾದ ಗುಣವೊಂದುಂಟು. ಕತ್ತಲೆಯಿಂದಲೋ ಧೂಳಿನಿಂದಲೋ ಒಂದು ಅಂಕಿ ಕಾಣದಿದ್ದರೆ ಅಲ್ಲಿ ಚುಕ್ಕೆಯಿಟ್ಟಿರುವರೇ ಹೊರತು ಊಹಿಸಿ ತುಂಬಿಲ್ಲ. ತ್ರುಟಿತಾಕ್ಷರಗಳನ್ನು ತಮ್ಮ ಕವಿತ್ವದಿಂದ ಪೂರಣ ಮಾಡಿದ ಸಂಪಾದಕರು ನಮ್ಮಲ್ಲಿ ಕಡಿಮೆಯೇನಿಲ್ಲ.

ಈ ಪುಸ್ತಕಗಳಿಗೆ ಈಗ ಬೆಲೆ ಬಂದಿರುವುದೇಕೆಂದರೆ, ಲೇಖಗಳನ್ನು ಹೊತ್ತಿದ್ದ ಎಂಜಿನ್ನುಗಳೇ ಕಣ್ಮರೆಯಾಗುತ್ತಿವೆ. ಮುಂಬಯಿ ಮದರಾಸಿನ ಹಾದಿಯು 2022ರ ಸುಮಾರಿಗೆ ಉದ್ದಕ್ಕೂ ವಿದ್ಯುತ್ತಿಗೆ ಒಳಪಟ್ಟಿತು; ಸೇಡಂ ಚಿತ್ತಾಪುರಗಳ ಮೇಲೆಯೂ ತಂತಿ ಬಂದಿದೆ. ಆಲ್ಕೋಗಳು ಒಂದೊಂದಾಗಿ ಗುಜರಿಗೆ ಹೋದವು, ಹೋಗುತ್ತಿವೆ. ಕೆಲವಕ್ಕೆ ಬೇರೆ ಗತಿಯೂ ಆಯಿತು: ಕಾಶಿಯ ಕಾರ್ಖಾನೆಯಲ್ಲಿ ಡಬ್ಲ್ಯು.ಡಿ.ಜಿ.-3ಎ ಎಂಜಿನ್ನುಗಳೆರಡರ ಒಡಲಿನಿಂದ ಡೀಸೆಲ್ ಯಂತ್ರವನ್ನು ತೆಗೆದು, ಜೋಡಿಗೆ 10,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ನನ್ನಾಗಿ 69 ದಿನಗಳಲ್ಲಿ ಮಾರ್ಪಡಿಸಿದರು. 2019ರ ಫೆಬ್ರವರಿಯಲ್ಲಿ ಅದಕ್ಕೆ ಹಸಿರು ನಿಶಾನೆ ತೋರಿಸಲಾಯಿತು. ಅಲ್ಲಿಗೆ ಹೆಸರು ಎರಡನೆಯ ಸಲ ಬದಲಾಯಿತು: ಡಬ್ಲ್ಯು.ಎ.ಜಿ.ಸಿ.-3. ಮುಂದಿನ ಸಂಶೋಧಕನು ಈ ಮೂರು ಹೆಸರುಗಳನ್ನು ಕಂಡು ಮೂರು ಜಾತಿಗಳೆಂದು ಎಣಿಸಿದರೆ ಅವನನ್ನು ತಪ್ಪೆನ್ನಲು ಎಂಜಿನ್ನು ಎದುರಿಗೆ ಇರುವುದಿಲ್ಲ. ಕಬ್ಬಿಣವು ಕರಗಿದ ಮೇಲೆ, ಯಾವ ಸಂಖ್ಯೆಯ ಎಂಜಿನ್ನು ಯಾವ ದಿನ ಮಳಖೇಡದಲ್ಲಿ ನಿಂತಿತ್ತೆಂಬುದಕ್ಕೆ ಇಂಥ ಪುಸ್ತಕಗಳೂ ಅಭಿಮಾನಿಗಳ ಛಾಯಾಚಿತ್ರಗಳೂ ಸಾಕ್ಷಿ.

ಇಂಥ ಸಾಕ್ಷಿಯನ್ನು ಪರೀಕ್ಷಿಸದೆ ಅಂಗೀಕರಿಸಬೇಕೆಂದು ನಾವು ಹೇಳುವುದಿಲ್ಲ. ಅಭಿಮಾನಿಯು ತನಗೆ ಪ್ರಿಯವಾದುದನ್ನು ಹೆಚ್ಚಾಗಿ ಬರೆಯುವನು. ನಮ್ಮ ಶಿಷ್ಯರ ಪುಸ್ತಕದಲ್ಲಿಯೇ ಆಲ್ಕೋಗಳಿಗೆ ಪುಟಗಟ್ಟಲೆ, ಹುಬ್ಬಳ್ಳಿಯವಕ್ಕೆ ಅಲ್ಲೊಂದು ಇಲ್ಲೊಂದು ಸಾಲು. ಇದರಿಂದ ವಾಡಿಯಲ್ಲಿ ಹುಬ್ಬಳ್ಳಿಯ ಎಂಜಿನ್ನುಗಳು ವಿರಳವಾಗಿದ್ದವೆಂದು ನಿರ್ಣಯಿಸಿದರೆ ತಪ್ಪಾದೀತು. ಶಾಲೆಗೆ ರಜವಿದ್ದ ದಿನಗಳಲ್ಲಿ ಮಾತ್ರ ಬರೆದುದರಿಂದ ಮಳೆಗಾಲದ ತಿಂಗಳುಗಳು ಬಹುತೇಕ ಬರಿದಾಗಿವೆ. ಆದರೆ ಒಂದೇ ದಿನದ ಎರಡು ಪುಸ್ತಕಗಳು, ಒಂದು ಸೇಡಂನಿಂದ, ಒಂದು ಶಹಾಬಾದದಿಂದ, ದೊರೆತರೆ ಪಾಠಾಂತರಗಳನ್ನು ಹೋಲಿಸುವಂತೆ ಅವುಗಳನ್ನು ಹೋಲಿಸಬಹುದು. ಶಹಾಬಾದದ ಕಡೆ ಅಂಥ ಪುಸ್ತಕವಿರುವವರು ಯಾರಾದರೂ ಇದ್ದರೆ ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಪ್ರಾರ್ಥನೆ.

ಚಿಂಚೋಳಿಯ ಪುಸ್ತಕಗಳು ನಾಲ್ಕು. ಎರಡನೆಯದಕ್ಕೆ ಗೆದ್ದಲು ಹಿಡಿದು ಅಂಚುಗಳು ಹೋಗಿವೆ. ಪ್ರತಿ ಮಾಡಿಕೊಳ್ಳಲು ಅವರು ಒಪ್ಪಿರುವರು. ಚಿತ್ತಾಪುರದ ಪುಟಗಳಿಂದ ಕೆಲಸವನ್ನು ತೊಡಗಿರುತ್ತೇವೆ.